ರಕ್ಷಿಸಿ‘ಕೊಳ್ಳಬೇಕಾದ’ವರು ಯಾರು?

ಡೆಂಗಿ, ಮಲೇರಿಯಾ ಕರಪತ್ರಗಳನ್ನು ಕನ್ನಡಕ್ಕೆ ತರುವುದು ನನ್ನ ಮಳೆಗಾಲದ ಸಂಪಾದನೆ. ‘ಸೊಳ್ಳೆಗಳಿಂದ ನಿಮ್ಮನ್ನು ನೀವು ರಕ್ಷಿಸಿಕೊಳ್ಳಿ’ ಎಂದು ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಈ ಸಾಲಿನ ವ್ಯಾಕರಣ ಸರಿಯಾಗಿಯೇ ಇದೆ. ನನ್ನ ತಕರಾರು ಅದರ ರಾಜಕಾರಣದ ಬಗ್ಗೆ.

ಕನ್ನಡದ ‘ಕೊಳ್ಳು’ ಬಲು ಉಪಯೋಗದ ಸಹಾಯಕ ಕ್ರಿಯಾಪದ. ಮಾಡುವವನೂ ಫಲ ಉಣ್ಣುವವನೂ ಒಬ್ಬನೇ ಎಂದು ಒಂದೇ ಏಟಿಗೆ ಹೇಳಿಬಿಡುತ್ತದೆ. ಕರಪತ್ರದ ತುಂಬ ಅದೇ: ಹಚ್ಚಿಕೊಳ್ಳಿ, ಹೊದ್ದುಕೊಳ್ಳಿ, ಕಟ್ಟಿಕೊಳ್ಳಿ. ಸೊಳ್ಳೆ ಸಾಕಿದವನು ಮಾತ್ರ ಆ ವಾಕ್ಯಗಳಲ್ಲಿ ಎಲ್ಲೂ ಇಲ್ಲ.

ನಾನಿರುವ ಕಾಂದಿವಲಿಯಲ್ಲಿ ಹಳೇ ಸೊಸೈಟಿಗಳನ್ನು ಕೆಡವಿ ಟವರ್ ಕಟ್ಟುತ್ತಿದ್ದಾರೆ. ಸ್ಲ್ಯಾಬ್ ಹಾಕಿದ ಮೇಲೆ ಅದರ ಮೇಲೆ ಗಾರೆಯ ಸಣ್ಣ ಬದು ಕಟ್ಟಿ ನೀರು ನಿಲ್ಲಿಸುತ್ತಾರೆ. ಇದು ಕ್ಯೂರಿಂಗ್. ಕನಿಷ್ಠ ಏಳು ದಿನ, ಎಷ್ಟೋ ಸಲ ಎರಡು ವಾರ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ ಕಾಲ. ಮುಂಬೈಯಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿಗೂ ಗಟಾರ ಬೇಡ, ತಿಳಿನೀರು ಬೇಕು: ಟೆರೇಸಿನ ಟ್ಯಾಂಕು, ಲಿಫ್ಟಿನ ಗುಂಡಿ, ಸೈಟಿನ ಡ್ರಮ್ಮು. ‘ಝೋಪಡಿಯವರಿಂದಲೇ ಸೊಳ್ಳೆ’ ಎನ್ನುವ ಸೊಸೈಟಿ ಮೀಟಿಂಗಿನಲ್ಲಿ ಇದನ್ನು ಹೇಳಿ ನೋಡಿ. ಟ್ಯಾಂಕಿನ ಮುಚ್ಚಳದ ಖರ್ಚು ಯಾರದು ಎಂಬ ಚರ್ಚೆ ಮುಂದಿನ ತಿಂಗಳಿಗೆ ಹೋಗುತ್ತದೆ.

ಮುಂಬೈಯ ಇಂಥ ಸೈಟುಗಳ ತಗಡಿನ ಶೆಡ್ಡುಗಳಲ್ಲಿ ಮಲಗುವವರಲ್ಲಿ ಕಲಬುರಗಿ, ಯಾದಗಿರಿ ಕಡೆಯವರೂ ಇದ್ದಾರೆ. ನನ್ನ ಕರಪತ್ರ ಅವರಿಗೇ. ‘ಕಿಟಕಿಗೆ ಜಾಲರಿ ಹಾಕಿಸಿಕೊಳ್ಳಿ.’ ಕಿಟಕಿ ಎಲ್ಲಿದೆ? ‘ಪರದೆ ಕಟ್ಟಿಕೊಂಡು ಮಲಗಿ.’ ಈಡಿಸ್ ಕಚ್ಚುವುದು ಹಗಲಿನಲ್ಲಿ, ಅವರು ಅದೇ ಸ್ಲ್ಯಾಬಿಗೆ ನೀರು ಹೊಯ್ಯುತ್ತಿರುವಾಗ. ಜ್ವರ ಬಂದ ದಿನ ಕೂಲಿ ಇಲ್ಲ. ರಕ್ತಪರೀಕ್ಷೆಗೆಂದು ಹೋದ ದಿನವೂ ಇಲ್ಲ.

ಈ ಊರಿಗೆ ಬೇರೆ ವ್ಯಾಕರಣವೂ ಗೊತ್ತಿತ್ತು. 1911ರಲ್ಲಿ ಬೆಂಟ್ಲಿ ಎಂಬ ವೈದ್ಯ ಮುಂಬೈ ಮಲೇರಿಯಾದ ವರದಿ ಬರೆದು ಮನೆಯಂಗಳದ ಬಾವಿಗಳತ್ತ ಬೆರಳು ತೋರಿಸಿದ. ಮುನಿಸಿಪಾಲಿಟಿ ಬಾವಿಯ ಮಾಲೀಕರ ಬೆನ್ನುಹತ್ತಿತು. ಧರ್ಮದ ಹೆಸರಿನಲ್ಲಿ ವಿರೋಧ ಬಂತು, ಜಗಳವಾಯಿತು, ಆದರೂ ಎಷ್ಟೋ ಬಾವಿಗಳು ಮುಚ್ಚಿದವು. ಅಲ್ಲಿ ಕರ್ತೃ ಯಾರೆಂಬ ಗೊಂದಲವಿರಲಿಲ್ಲ. 2010ರಲ್ಲಿ ಊರಿನ 76 ಸಾವಿರಕ್ಕೂ ಹೆಚ್ಚು ಜನ ಮಲೇರಿಯಾಕ್ಕೆ ಸಿಕ್ಕಾಗಲೂ ಕಟ್ಟಡದ ಸೈಟುಗಳ ಮಾತು ಜೋರಾಗಿಯೇ ಎದ್ದಿತ್ತು. 1888ರ ಪಾಲಿಕೆ ಕಾಯ್ದೆಯ 381ನೇ ಕಲಮಿನಲ್ಲಿ ಸೊಳ್ಳೆ ಬೆಳೆಸಿದವರಿಗೆ ನೋಟಿಸು ಕೊಡುವುದು ಈಗಲೂ ಇದೆ. ದಂಡ ಮಾತ್ರ ಕೆಲವೇ ಸಾವಿರ ರೂಪಾಯಿ. ಕಾಂದಿವಲಿಯಲ್ಲಿ ಒಂದು ಚದರಡಿ ಫ್ಲ್ಯಾಟಿನ ಬೆಲೆ ಅದಕ್ಕಿಂತ ಹೆಚ್ಚು.

ಹಾಗಾದರೆ ಪರದೆ, ಮುಲಾಮು ಬೇಡವೇ ಎಂದು ಕೇಳುವವರಿದ್ದಾರೆ. ಬೇಕು, ನಾನೂ ಬಳಸುತ್ತೇನೆ. ಜ್ವರ ಬಂದರೆ ತಡಮಾಡದೆ ರಕ್ತ ಪರೀಕ್ಷಿಸಿ. ಡೆಂಗಿಯ ಅನುಮಾನವಿದ್ದರೆ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡಿ, ರಕ್ತಸ್ರಾವ ಹೆಚ್ಚೀತು. ಆದರೆ ಮೈಗೆ ಹಚ್ಚುವ ಮುಲಾಮು ಪಕ್ಕದ ಸೈಟಿನ ನೀರನ್ನು ಬಸಿಯುವುದಿಲ್ಲ.

ರೀಡೆವಲಪ್‌ಮೆಂಟಿಗೆ ಸಹಿ ಹಾಕುವ ನಮ್ಮಂಥವರ ಕೈಯಲ್ಲಿ ಒಂದು ಹಿಡಿತವಿದೆ. ಪಾರ್ಕಿಂಗ್ ಯಾರಿಗೆ, ಟೈಲ್ಸ್ ಯಾವುದು ಎಂದು ಕರಾರಿನಲ್ಲಿ ಪುಟಗಟ್ಟಲೆ ಬರೆಸುತ್ತೇವಲ್ಲ, ಅಲ್ಲೇ ಇನ್ನೆರಡು ಸಾಲು ಬರೆಸಲಿ: ನೀರು ನಿಲ್ಲಿಸುವ ಬದಲು ಒದ್ದೆ ಗೋಣಿತಾಟು ಹಾಸಿ ಕ್ಯೂರಿಂಗ್, ವಾರಕ್ಕೊಮ್ಮೆ ಗುಂಡಿ, ಡ್ರಮ್ಮುಗಳ ತಪಾಸಣೆ, ಕೆಲಸಗಾರರ ರಕ್ತಪರೀಕ್ಷೆ ಬಿಲ್ಡರನ ಖರ್ಚಿನಲ್ಲಿ, ಆ ದಿನದ ಕೂಲಿ ಸಮೇತ.