ಹಗ್ಗ ಬೇಡ, ಸರಿ, ಕೈಗಳೆಲ್ಲಿ?

ಪುಣೆಯಲ್ಲಿ ಯೇರವಾಡಾ, ಮುಂಬಯಿಯವರಿಗೆ ಠಾಣೆ, ಹೈದರಾಬಾದಿನಲ್ಲಿ ಎರ್ರಗಡ್ಡ, ಚೆನ್ನೈಯಲ್ಲಿ ಕೀಳ್ಪಾಕ್. ಕಾಲೇಜು ಕ್ಯಾಂಟೀನಿನಲ್ಲಿ ಕೂತು ನಾವು ಗೆಳೆಯರನ್ನು 'ಕಳಿಸಿಬಿಡುವ' ಆಸ್ಪತ್ರೆಗಳಿವು. ನಕ್ಕು, ಚಹಾ ಮುಗಿಸಿ ಎದ್ದು ಹೋಗ್ತೇವೆ. ಅಲ್ಲಿ ರಾತ್ರಿ ಪಾಳಿ ಮಾಡುವ ನರ್ಸ್ ಹಾಗೆ ಎದ್ದು ಹೋಗುವಂತಿಲ್ಲ.

ಅವರ ಕೆಲಸವೇನು? ಮಾತ್ರೆ ಕೊಟ್ಟರೆ ಸಾಲದು, ರೋಗಿ ನುಂಗಿದನೋ ಇಲ್ಲವೋ ನೋಡಬೇಕು. ಸಾಯುವ ಯೋಚನೆಯಲ್ಲಿರುವವರ ಮೇಲೆ ರಾತ್ರಿಯಿಡೀ ಕಣ್ಣಿಡಬೇಕು. ಬೈಗುಳ ಕೇಳಬೇಕು, ಕೆಲವು ಸಲ ಏಟೂ ತಿನ್ನಬೇಕು. ತಿಂದ ಮೇಲೆ ಅದೇ ರೋಗಿಯ ಹತ್ತಿರ ತಣ್ಣಗೆ ಮಾತಾಡಬೇಕು. ಬೈದದ್ದು ಕಾಯಿಲೆ, ಮನುಷ್ಯನಲ್ಲ ಎಂದು ಅವರಿಗೆ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ನೋವಾಗೋದಿಲ್ವೆ?

2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿ ಬಿಗಿದಿದ್ದ ರೋಗಿಗಳು ಓಡಲಾರದೆ ಸುಟ್ಟುಹೋದರು. ಸತ್ತವರು 28 ಮಂದಿ. 2017ರ ಮಾನಸಿಕ ಆರೋಗ್ಯ ಕಾಯಿದೆ ಸರಪಳಿಯನ್ನು ಪೂರ್ತಿ ನಿಷೇಧಿಸಿತು. ಸಿಬ್ಬಂದಿ ಸಾಲದು ಎಂಬ ಕಾರಣಕ್ಕೆ ಯಾರನ್ನೂ ಕಟ್ಟಿಹಾಕಬಾರದು ಎಂದು ಅದರ 97ನೇ ಕಲಮು ಹೇಳುತ್ತದೆ.

ಬಹಳ ಒಳ್ಳೆಯ ಮಾತು. ಆದರೆ ಸಿಬ್ಬಂದಿ ನಿಜಕ್ಕೂ ಸಾಲದ ವಾರ್ಡಿನಲ್ಲಿ ಈ ಮಾತನ್ನು ಉಳಿಸಿಕೊಡುವವರು ಯಾರು? ಡೆಲ್ಲಿಯ ಸಂಸತ್ತಲ್ಲ, ಆಸ್ಪತ್ರೆಯ ಆಫೀಸೂ ಅಲ್ಲ. ಆ ರಾತ್ರಿ ಡ್ಯೂಟಿಯಲ್ಲಿರುವ ನರ್ಸ್. ಕಾಯಿದೆಯ ಭಾರವೆಲ್ಲ ಅವರ ಎರಡು ಕೈಗಳ ಮೇಲೆ.

'ಸೇವೆ ಅಂದ ಮೇಲೆ ಕಷ್ಟ ಇದ್ದದ್ದೇ, ಯಾಕೆ ಬಂದರು?' ಅನ್ನುವವರಿದ್ದಾರೆ. ಅವರೇ ಸಭೆಯಲ್ಲಿ ನರ್ಸನ್ನು ತಾಯಿ, ಕರುಣಾಮಯಿ ಎಂದು ಹೊಗಳುತ್ತಾರೆ. ದೇವತೆ ಮಾಡಿಬಿಟ್ಟರೆ ವಾರದ ರಜೆ ಕೊಡಬೇಕಾಗಿಲ್ಲವಲ್ಲ, ಸ್ವಾಮಿ!

ಬೇಕಾದದ್ದು ಹೊಗಳಿಕೆಯಲ್ಲ. ಪಾಳಿಗೆ ಸಾಕಷ್ಟು ಜನ ಬೇಕು. ಏಟು ಬಿದ್ದ ದಿನ ಮನೆಗೆ ಹೋಗಲು ರಜೆ, ಆಮೇಲೆ ಕೂತು ಕೇಳುವ ಹಿರಿಯರು ಬೇಕು. ನರ್ಸಿಗೇ ನಿದ್ದೆ ಹತ್ತದಾದಾಗ, ಮನಸ್ಸು ಕುಸಿದಾಗ, 'ಕೆಲಸಕ್ಕೆ ನಾಲಾಯಕ್ಕು' ಎಂಬ ಮುದ್ರೆಯಿಲ್ಲದೆ ಚಿಕಿತ್ಸೆ ಸಿಗಬೇಕು. ಇದು ರೋಗಿಯ ಹಕ್ಕಿಗೆ ಎದುರಾದ ಬೇಡಿಕೆ ಅಲ್ಲ. ಅದೇ ಹಕ್ಕಿನ ಇನ್ನೊಂದು ಅರ್ಧ. ದಣಿದ ಕೈ ಹಗ್ಗವನ್ನೇ ಹುಡುಕುತ್ತದೆ.

ಮಂಗಳೂರು, ಉಡುಪಿಗಳ ಕಡೆಯಿಂದ ನರ್ಸಿಂಗ್ ಕಲಿತು ಈ ಊರುಗಳಿಗೆ ಬಂದವರು ನಮ್ಮ ನಡುವೆಯೇ ಇದ್ದಾರೆ. ಅವರಲ್ಲಿ ಯಾರಾದರೂ ಇಂಥ ವಾರ್ಡಿನಲ್ಲಿದ್ದರೆ 'ಹುಚ್ಚರ ಜೊತೆ ಹೆದರಿಕೆ ಆಗೋಲ್ವ?' ಎಂದು ಕೇಳಬೇಡಿ. 'ಅಕ್ಕಾ, ನಿನ್ನೆ ರಾತ್ರಿ ವಾರ್ಡಿನಲ್ಲಿ ಎಷ್ಟು ಜನ ನರ್ಸ್ ಇದ್ರಿ?' ಎಂದು ಕೇಳಿ.