ಉಪ್ಪು ಕೇಳುವ ಮಗು

ಊಟದ ಪಂಕ್ತಿಯಲ್ಲಿ ಮತ್ತೆ ಮತ್ತೆ ಉಪ್ಪು ಕೇಳುವ ಬಾಲಕನನ್ನು ಗದರಿಸುವುದು ವಿದ್ಯಾರ್ಥಿನಿಲಯಗಳಲ್ಲಿ ಸಾಮಾನ್ಯ. ಹುಣಸೆಕಾಯಿಗೆ ಉಪ್ಪು ಹಚ್ಚಿ ನೆಕ್ಕದ ಮಕ್ಕಳು ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ದುರ್ಲಭ, ಅದು ರೋಗವಲ್ಲ. ಆದರೆ ಬರಿಯ ಉಪ್ಪಿಗೇ ಹಂಬಲಿಸುತ್ತ, ಸೊರಗುತ್ತ, ಪದೇ ಪದೇ ವಾಂತಿ ಮಾಡಿಕೊಳ್ಳುತ್ತ, ಬಿಸಿಲಿಗೆ ಹೋಗದೆಯೂ ಮೈ ಕಪ್ಪಾಗುತ್ತಿರುವ ಮಗುವಿನ ಬೇಡಿಕೆಯನ್ನು ಚಾಪಲ್ಯವೆಂದು ತಳ್ಳಿಹಾಕುವುದು ಅಪಾಯಕರ.

ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳ ಆಲ್ಡೊಸ್ಟಿರೋನ್ ಎಂಬ ಸ್ರಾವವು ದೇಹದ ಸೋಡಿಯಂ ಅಂಶವನ್ನು ಕಾಯುತ್ತದೆ. ಅದು ಕೊರತೆಯಾದರೆ ಸೋಡಿಯಂ ಮೂತ್ರದಲ್ಲಿ ಹರಿದುಹೋಗಿ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಭದ್ರಾವತಿಯ ಕುಲುಮೆಯೆದುರು ದುಡಿದವರು ಬೆವರಿನಲ್ಲಿ ಉಪ್ಪು ಕಳೆದುಕೊಂಡರು. ಈ ಮಕ್ಕಳದು ನೆರಳಿನಲ್ಲಿ ಕುಳಿತರೂ ನಿಲ್ಲದ ನಷ್ಟ.

ಅಮೆರಿಕದ ಬಾಲ್ಟಿಮೋರಿನಲ್ಲಿ ವಿಲ್ಕಿನ್ಸ್ ಮತ್ತು ರಿಕ್ಟರ್ ಎಂಬುವರು 1940ರಲ್ಲಿ ಪ್ರಕಟಿಸಿದ ವೃತ್ತಾಂತವೊಂದುಂಟು. ಮೂರೂವರೆ ವರ್ಷದ ಬಾಲಕನೊಬ್ಬ ಮನೆಯಲ್ಲಿ ಉಪ್ಪು ತಿಂದುಕೊಂಡೇ ಬದುಕಿದ್ದನು. ಅವನು ಕಲಿತ ಮೊದಮೊದಲ ಮಾತುಗಳಲ್ಲಿ ‘ಉಪ್ಪು’ ಒಂದು. ಆಸ್ಪತ್ರೆಯಲ್ಲಿ ಎಲ್ಲರಿಗೂ ಬಡಿಸುವ ಊಟವನ್ನೇ ಅವನಿಗೂ ಕೊಟ್ಟರು. ಏಳು ದಿನಗಳಲ್ಲಿ ತೀರಿಕೊಂಡನು. ಗ್ರಂಥಿ ಕೆಟ್ಟಿದ್ದುದು ಸತ್ತ ಮೇಲೆ ಗೊತ್ತಾಯಿತು. ಮಗುವಿನ ನಾಲಗೆಗೆ ತಿಳಿದದ್ದು ಹಿರಿಯರಿಗೆ ತಿಳಿದಿರಲಿಲ್ಲ.

ಈಗ ರಕ್ತಪರೀಕ್ಷೆಯಿಂದ ಸುಳಿವು ಸಿಗುತ್ತದೆ. ಹೈಡ್ರೋಕಾರ್ಟಿಸೋನ್, ಫ್ಲೂಡ್ರೋಕಾರ್ಟಿಸೋನ್ ಮಾತ್ರೆಗಳಿವೆ. ಮೊದಲನೆಯದು ಕಹಿ, ಮಕ್ಕಳು ಉಗುಳಿಬಿಡುತ್ತಾರೆ. ಒಮ್ಮೆಲೇ ನಿಂತರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ಅಂಥ ಮಗುವಿನ ಹೆಸರು, ಮಾತ್ರೆಯ ಪ್ರಮಾಣ, ಜ್ವರ ಬಂದಾಗ ಹೆಚ್ಚಿಸಬೇಕಾದ ಪ್ರಮಾಣ ಇವು ನಿಲಯದ ಮೇಲ್ವಿಚಾರಕರ ಪುಸ್ತಕದಲ್ಲಿರತಕ್ಕದ್ದು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಬೆಳಗಿನ ತನಕ ಕಾಯದೆ ಮೆಗ್ಗಾನ್ ಆಸ್ಪತ್ರೆಗೆ ಒಯ್ಯಬೇಕು. ದಾನಿಗಳು ಸಿಹಿಯೂಟಕ್ಕೆಂದು ಕೊಡುವುದರಲ್ಲಿ ಅಲ್ಪಭಾಗವನ್ನು ಇಂಥ ಮಗುವಿನ ಮಾತ್ರೆಗಳಿಗೆ ಮೀಸಲಿಟ್ಟರೆ ಯಾರೂ ಆಕ್ಷೇಪಿಸಲಾರರು.