ಹಲ್ಲು ಹೋದ ಮೇಲೆ ಭಾಗ್ಯ

ಬಡ ಮುದುಕರಿಗೆ ಪುಕ್ಕಟೆ ಹಲ್ಲಿನ ಸೆಟ್ಟು ಕೊಡುವ ದಂತಭಾಗ್ಯ ಯೋಜನೆಯನ್ನು ಕರ್ನಾಟಕ ಸರ್ಕಾರ 2014-15ರಲ್ಲಿ ತಂದಿತು. ಒಳ್ಳೆಯದೇ. ಆದರೆ ಹಲ್ಲು ಹೋಗುವ ತನಕ ಕಾಯುವುದೇಕೆ?

ಆರನೆಯ ವರ್ಷದ ಹೊತ್ತಿಗೆ ಮಗುವಿಗೆ ಮೊದಲ ಕಾಯಂ ದವಡೆಹಲ್ಲು ಹುಟ್ಟುತ್ತದೆ. ಹನ್ನೆರಡರ ಹೊತ್ತಿಗೆ ಎರಡನೆಯದು. ಅವುಗಳ ಮೇಲಿನ ಸಣ್ಣ ಸೀಳುಗಳಿಗೆ ಬ್ರಷ್ಷೂ ಇಳಿಯದು, ಬೇವಿನ ಕಡ್ಡಿಯೂ ಇಳಿಯದು. ಹುಳುಕು ಶುರುವಾಗುವುದು ಅಲ್ಲಿಯೇ. ಆ ಸೀಳುಗಳಿಗೆ ಸೀಲಂಟ್ ಎಂಬ ತೆಳು ಲೇಪ ಹಚ್ಚಿ ಗಟ್ಟಿಮಾಡಿದರೆ ಎರಡು ವರ್ಷಗಳ ಕಾಲ ದವಡೆಹಲ್ಲಿನ ಶೇಕಡಾ 80ರಷ್ಟು ಹುಳುಕು ತಪ್ಪುತ್ತದೆ. ಸೂಜಿ ಬೇಡ, ಕೊರೆತ ಬೇಡ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಶಾಲೆಯ ಮಕ್ಕಳ ಹಲ್ಲನ್ನೂ ಪರೀಕ್ಷಿಸಬೇಕು. ಹುಳುಕು ಕಂಡ ಮೇಲೆ ಚೀಟಿ ಬರೆದುಕೊಟ್ಟರೆ ಹುಮನಾಬಾದಿನ ಕಾರ್ಮಿಕ ಒಂದು ದಿನದ ಪಗಾರ ಬಿಡಬೇಕು, ಬಸವಕಲ್ಯಾಣದ ಸಣ್ಣ ವ್ಯಾಪಾರಿ ಅಂಗಡಿ ಮುಚ್ಚಬೇಕು. ಉಳ್ಳವರ ಮಕ್ಕಳಿಗೋ, ಹಣ ಕೊಟ್ಟರೆ ಲೇಪ ಸಿಗುತ್ತದೆ.

ನಮ್ಮ ಬೇಡಿಕೆ ಸ್ಪಷ್ಟ: ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಿಂದ ಈ ಎರಡೂ ತಾಲೂಕುಗಳ ಶಾಲೆಗಳಲ್ಲಿಯೇ ಮಕ್ಕಳ ಹಲ್ಲಿಗೆ ಲೇಪ ಹಾಕಿಸಬೇಕು. ಮುಪ್ಪಿನಲ್ಲಿ ಕೊಟ್ಟ ಹಲ್ಲಿಗಿಂತ ಎಳವೆಯಲ್ಲಿ ಉಳಿಸಿದ ಹಲ್ಲೇ ದೊಡ್ಡ ಭಾಗ್ಯ.